ಬರವಣಿಗೆ ಕಲಿಯಲು ಯಾವ ದಾರಿ? ಪುಸ್ತಕ, ಗುಂಪು, ಕೋರ್ಸು, ಎಡಿಟರ್, ಎಐ: ಯಾರಿಗೆ ಯಾವುದು ಸರಿ

ಚೆನ್ನಾಗಿ ಬರೆಯುವುದನ್ನು ಕಲಿಯಬೇಕು ಅನ್ನುವವರಿಗೆ ಈಗ ದಾರಿಗಳಿಗೇನೂ ಬರವಿಲ್ಲ. ವಾರಾಂತ್ಯದ ಕಮ್ಮಟ, ಆರು ತಿಂಗಳ ಆನ್‌ಲೈನ್ ಕೋರ್ಸು, ಹೀಗೆ ಬರೆಯಿರಿ ಅಂತ ಹೇಳುವ ಪುಸ್ತಕಗಳು, ಗೆಳೆಯರ ಗುಂಪು, ದುಡ್ಡು ತೆಗೆದುಕೊಂಡು ತಿದ್ದಿಕೊಡುವ ಎಡಿಟರ್, ಈಗ ಹೊಸದಾಗಿ ಎಐ. ಕಷ್ಟ ಇರುವುದು ಆರಿಸಿಕೊಳ್ಳುವುದರಲ್ಲಿ. ಎರಡು ಮೂರು ದಾರಿಗಳ ನಡುವೆ ಸಿಕ್ಕಿಕೊಂಡು, ಯಾವುದಕ್ಕೆ ಸೇರಲಿ ಅಂತ ಯೋಚಿಸುತ್ತಾ ಯೋಚಿಸುತ್ತಾ ಬರೆಯುವುದನ್ನೇ ಮುಂದೂಡುತ್ತಿರುವವರು ತುಂಬಾ ಜನ ಇದ್ದಾರೆ. ಇದು ಅವರಿಗಾಗಿ.

ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಾವು ಬರೆದದ್ದನ್ನು ಇನ್ನೊಬ್ಬರು ಓದಬೇಕು. ಅವರು ಎಲ್ಲಿ ಎಡವಿದರು ಅಂತ ನಮಗೆ ಗೊತ್ತಾಗಬೇಕು. ಆಮೇಲೆ ಅದನ್ನು ನಾವೇ ಮತ್ತೆ ಬರೆಯಬೇಕು. ಈ ಸುತ್ತು ಯಾವ ದಾರಿಯಲ್ಲಿ ಹೆಚ್ಚು ಸಲ ನಡೆಯುತ್ತದೋ ಆ ದಾರಿಯೇ ಹೆಚ್ಚು ಕಲಿಸುತ್ತದೆ. ಉಳಿದದ್ದೆಲ್ಲ ಇದಕ್ಕೆ ನೆರವು.

ಅಳೆಯುವುದು ಯಾವುದರಿಂದ

ಮೊದಲು ನಿಮ್ಮ ಬರವಣಿಗೆ ಎಲ್ಲಿ ನಿಂತಿದೆ ಅಂತ ನೋಡಿಕೊಳ್ಳಿ. ಸಾಮಾನ್ಯವಾಗಿ ಮೂರು ಕಡೆ ನಿಲ್ಲುತ್ತದೆ. ಕೆಲವರಿಗೆ ಶುರುವೇ ಆಗುವುದಿಲ್ಲ, ಮೊದಲ ಸಾಲು ಸರಿ ಬರಲಿಲ್ಲ ಅಂತ ಅಲ್ಲೇ ಕೂತಿರುತ್ತಾರೆ. ಕೆಲವರು ಶುರು ಮಾಡಿದ್ದು ಹತ್ತಾರು, ಮುಗಿಸಿದ್ದು ಒಂದೂ ಇಲ್ಲ. ಇನ್ನು ಕೆಲವರು ಬರೆಯುತ್ತಾರೆ, ಮುಗಿಸುತ್ತಾರೆ, ಆದರೆ ಓದಿದವರು "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾರೆ. ಮಾರನೇ ದಿನ ಅವರಿಗೆ ಏನೂ ನೆನಪಿರುವುದಿಲ್ಲ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಶುರುವೇ ಆಗದವರು ಎಡಿಟರ್‌ಗೆ ದುಡ್ಡು ಕೊಟ್ಟು ಏನು ಮಾಡುವುದು? ತಿದ್ದುವುದಕ್ಕೆ ಏನಾದರೂ ಇರಬೇಕಲ್ವಾ?

ಆಮೇಲೆ ಪ್ರತಿ ದಾರಿಗೂ ಇದೇ ಪ್ರಶ್ನೆಗಳನ್ನು ಹಾಕಿ. ಇದರಲ್ಲಿ ನನ್ನ ಕೈಯಲ್ಲಿ ಎಷ್ಟು ಬರೆಸುತ್ತಾರೆ? ಬರೆದದ್ದನ್ನು ಯಾರು ಓದುತ್ತಾರೆ, ಅನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾರಾ? ಒಂದೇ ಬರಹವನ್ನು ಎರಡನೇ ಸಲ, ಮೂರನೇ ಸಲ ಬರೆಯುವ ಹಾಗೆ ಮಾಡುತ್ತಾರಾ? ದುಡ್ಡು ಎಷ್ಟು, ಸಮಯ ಎಷ್ಟು, ಎರಡು ತಿಂಗಳಾದ ಮೇಲೂ ನಾನು ಇದರಲ್ಲಿ ಉಳಿದಿರುತ್ತೇನಾ? ಕೊನೆಯ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅರ್ಧಕ್ಕೆ ಬಿಟ್ಟ ಒಳ್ಳೆಯ ಕೋರ್ಸಿಗಿಂತ ಕೊನೆತನಕ ನಡೆದ ಸಾಧಾರಣ ಗುಂಪು ಎಷ್ಟೋ ವಾಸಿ.

ಇದೆಲ್ಲ ಯಾಕೆ ಮುಖ್ಯ ಅಂತ ತಿಳಿಯಲು ಒಂದು ವಾಕ್ಯವನ್ನು ಹಿಡಿದು ನೋಡೋಣ. ಯಾರೋ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ:

"ಭಾಷಣದ ಸಂದರ್ಭದಲ್ಲಿ ಮಳೆಯ ಆಗಮನವಾದ ಕಾರಣದಿಂದಾಗಿ ಸಭಿಕರು ಅಲ್ಲಿಂದ ನಿರ್ಗಮಿಸುವಂತಹ ಪರಿಸ್ಥಿತಿ ನಿರ್ಮಾಣವಾಯಿತು."

ಸರಳವಾಗಿ ಬರೆಯಿರಿ ಅಂತ ಹೇಳುವ ಯಾವ ಪುಸ್ತಕ ಓದಿದರೂ ಇದನ್ನು ಇಷ್ಟಕ್ಕೆ ಇಳಿಸಬಹುದು: "ಭಾಷಣದ ನಡುವೆ ಮಳೆ ಬಂತು. ಜನ ಎದ್ದು ಹೋದರು." ಎಷ್ಟೋ ಉತ್ತಮವಾಯಿತು. ಒಂದು ಸಾಫ್ಟ್‌ವೇರ್ ಕೂಡ ಇಷ್ಟು ಮಾಡೀತು. ಆದರೆ ಇದನ್ನು ಓದಿದ ಗೆಳತಿಯೊಬ್ಬಳು ಕೇಳುತ್ತಾಳೆ: "ಎಲ್ಲರೂ ಹೋದರಾ? ಭಾಷಣ ಮಾಡುತ್ತಿದ್ದವರು ಏನು ಮಾಡಿದರು?" ಆಗ ಬರೆದವರಿಗೆ ಅಲ್ಲಿ ಕಂಡದ್ದು ನೆನಪಾಗುತ್ತದೆ: "ಭಾಷಣದ ನಡುವೆ ಮಳೆ ಬಂತು. ಜನ ಕುರ್ಚಿಗಳನ್ನೇ ತಲೆ ಮೇಲೆ ಹೊತ್ತು ಓಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ ಕದಲಲಿಲ್ಲ. ಭಾಷಣಕಾರರು ಉಳಿದದ್ದನ್ನೆಲ್ಲ ಅವರೊಬ್ಬರಿಗೇ ಹೇಳಿದರು."

ಮೊದಲ ತಿದ್ದುಪಡಿ ಭಾಷೆಯದು, ಎರಡನೆಯದು ನೋಟದ್ದು. ಭಾಷೆಯ ತಿದ್ದುಪಡಿ ಅಗ್ಗಕ್ಕೆ ಸಿಗುತ್ತದೆ. ಎರಡನೆಯದಕ್ಕೆ ಕುತೂಹಲ ಇರುವ ಒಬ್ಬ ಓದುಗ ಬೇಕು. ಕೆಳಗಿನ ದಾರಿಗಳನ್ನು ನೋಡುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪುಸ್ತಕ ಓದಿ ಕಲಿಯುವುದು

ಖರ್ಚು ಕಡಿಮೆ. ಲೈಬ್ರರಿ ಇದ್ದರೆ ಖರ್ಚೇ ಇಲ್ಲ. ನಿಮ್ಮ ಸಮಯಕ್ಕೆ ಓದಬಹುದು, ಯಾರ ಮುಂದೆಯೂ ಮುಜುಗರ ಪಡಬೇಕಾಗಿಲ್ಲ. ಉದ್ದ ವಾಕ್ಯ ಒಡೆಯುವುದು, ಬೇಡದ ಮಾತು ಕತ್ತರಿಸುವುದು, ಇಂಥವನ್ನು ಪುಸ್ತಕಗಳು ಚೆನ್ನಾಗಿಯೇ ಹೇಳಿಕೊಡುತ್ತವೆ. ತೊಂದರೆ ಏನೆಂದರೆ ಬರವಣಿಗೆಯ ಬಗ್ಗೆ ಓದುತ್ತಿದ್ದರೆ ಬರೆದಷ್ಟೇ ಸಮಾಧಾನ ಆಗಿಬಿಡುತ್ತದೆ, ಕೈ ಮಾತ್ರ ಓಡಿರುವುದಿಲ್ಲ. ಒಂದು ಪುಸ್ತಕ ಸಾಕು. ಅದರ ಒಂದೊಂದು ಅಧ್ಯಾಯ ಓದಿದ ಮೇಲೂ ನಿಮ್ಮದೇ ಹಳೆಯ ಒಂದು ಪುಟ ತೆಗೆದು, ಅಲ್ಲಿ ಹೇಳಿದ್ದನ್ನು ಅದರ ಮೇಲೆ ಮಾಡಿ ನೋಡಿ.

ವ್ಯಾಕರಣದ ಪುಸ್ತಕ ಹಿಡಿದು ಕೂರಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಇದಕ್ಕೆ ಊಹೆಯ ಉತ್ತರ ಬೇಕಾಗಿಲ್ಲ. ಸ್ಟೀವ್ ಗ್ರಹಾಂ ಮತ್ತು ಡಲೋರೆಸ್ ಪೆರಿನ್ ಎಂಬ ಇಬ್ಬರು ಶಿಕ್ಷಣ ಸಂಶೋಧಕರು 2007ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ವರದಿ ಕೊಟ್ಟರು. ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳಿಗೆ ಬರವಣಿಗೆ ಕಲಿಸುವ ಬೇರೆ ಬೇರೆ ವಿಧಾನಗಳ ಮೇಲೆ ಆಗಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು, ಯಾವ ವಿಧಾನದಿಂದ ಎಷ್ಟು ಪರಿಣಾಮ ಅಂತ ಒಂದೇ ಅಳತೆಯಲ್ಲಿ ಲೆಕ್ಕ ಹಾಕಿದರು. ಅಂಕಿ ದೊಡ್ಡದಾದಷ್ಟೂ ಲಾಭ ಜಾಸ್ತಿ. ಯೋಜನೆ ಮಾಡುವುದು, ತಿದ್ದುವುದು ಹೇಗೆ ಅಂತ ಹಂತ ಹಂತವಾಗಿ ಹೇಳಿಕೊಟ್ಟರೆ 0.82. ಓದಿದ್ದನ್ನು ಸಂಕ್ಷೇಪ ಮಾಡಿ ಬರೆಯುವುದನ್ನು ಕಲಿಸಿದರೆ ಅದೂ 0.82. ಮಕ್ಕಳು ಜೊತೆಗೂಡಿ ಯೋಜಿಸಿ, ಬರೆದು, ತಿದ್ದಿದರೆ 0.75. ಬಿಡಿ ಬಿಡಿ ವಾಕ್ಯಗಳನ್ನು ಸೇರಿಸಿ ಒಂದು ಒಳ್ಳೆಯ ವಾಕ್ಯ ಮಾಡುವ ಅಭ್ಯಾಸಕ್ಕೆ 0.50. ಮಾದರಿ ಬರಹಗಳನ್ನು ನೋಡಿ ಅನುಕರಿಸುವುದಕ್ಕೆ 0.25. ವ್ಯಾಕರಣವನ್ನು ಬೇರೆಯಾಗಿ, ಬರವಣಿಗೆಯಿಂದ ದೂರ ಇಟ್ಟು ಕಲಿಸಿದರೆ ಸೊನ್ನೆಗಿಂತ ಕೆಳಗೆ, ಮೈನಸ್ 0.32.

ಇದು ಶಾಲಾ ಮಕ್ಕಳ ಲೆಕ್ಕ, ದೊಡ್ಡವರಿಗೆ ಅಂಕಿ ಅಂಕಿಯಾಗಿ ಹೊಂದುತ್ತದೆ ಅಂತ ಹೇಳಲಾಗದು. ಆದರೂ ಅದು ತೋರಿಸುವ ದಿಕ್ಕು ಸ್ಪಷ್ಟ. ಜೊತೆಗಾರರು, ಸಂಕ್ಷೇಪ, ತಿದ್ದುವ ಕ್ರಮ, ಇವು ಮೇಲಿವೆ. ನಿಯಮದ ಪಟ್ಟಿ ಕೆಳಗಿದೆ. ವ್ಯಾಕರಣವನ್ನು ನಿಮ್ಮ ವಾಕ್ಯದಲ್ಲಿ ತಪ್ಪು ಸಿಕ್ಕಾಗ, ಅಲ್ಲೇ, ಆಗಲೇ ಕಲಿಯಿರಿ.

ಒಳ್ಳೆಯ ಬರಹವನ್ನು ಬಿಚ್ಚಿ ಮತ್ತೆ ಕಟ್ಟುವುದು

ದುಡ್ಡಿಲ್ಲ, ಓದಿ ಹೇಳುವವರೂ ಯಾರೂ ಇಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಮುಂದೆ ಅಮೆರಿಕದ ಹೆಸರಾಂತ ಮುತ್ಸದ್ದಿ, ಬರಹಗಾರ ಆದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದಾಗ ಮಾಡಿದ್ದನ್ನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಒಬ್ಬ ಗೆಳೆಯನ ಜೊತೆ ಪತ್ರದಲ್ಲಿ ವಾದ ನಡೆದಿತ್ತು. ಆ ಪತ್ರಗಳು ಅಪ್ಪನ ಕಣ್ಣಿಗೆ ಬಿದ್ದವು. ಅಪ್ಪ ವಾದದೊಳಗೆ ಹೋಗಲಿಲ್ಲ. ನಿನ್ನ ಕಾಗುಣಿತ, ಚಿಹ್ನೆಗಳು ಸರಿ ಇವೆ, ಆದರೆ ಹೇಳುವ ಸೊಗಸು, ಕ್ರಮ, ಸ್ಪಷ್ಟತೆಯಲ್ಲಿ ಹಿಂದಿದ್ದೀಯ ಅಂತ ಉದಾಹರಣೆ ಸಮೇತ ತೋರಿಸಿದ. ಹುಡುಗ ಅದನ್ನು ಮನಸ್ಸಿಗೆ ತೆಗೆದುಕೊಂಡ.

ಆಗ ಅವನಿಗೆ ಇಂಗ್ಲೆಂಡಿನ ಸ್ಪೆಕ್ಟೇಟರ್ ಎಂಬ ಪತ್ರಿಕೆಯ ಒಂದು ಸಂಪುಟ ಸಿಕ್ಕಿತು. ಅದರ ಲೇಖನ ಓದಿ ಪ್ರತಿ ವಾಕ್ಯದ ಭಾವಕ್ಕೂ ಸಣ್ಣ ಟಿಪ್ಪಣಿ ಮಾಡಿಕೊಂಡ. ಕೆಲವು ದಿನ ಪಕ್ಕಕ್ಕಿಟ್ಟ. ಆಮೇಲೆ ಪುಸ್ತಕ ಮುಚ್ಚಿ, ಟಿಪ್ಪಣಿ ಮಾತ್ರ ಎದುರಿಗಿಟ್ಟುಕೊಂಡು, ಲೇಖನವನ್ನು ತನ್ನ ಮಾತಿನಲ್ಲಿ ಪೂರ್ತಿ ಬರೆದ. ಮೂಲದ ಜೊತೆ ಹೋಲಿಸಿದ, ತನ್ನ ತಪ್ಪು ಕಂಡುಕೊಂಡು ತಿದ್ದಿದ. ಪದಗಳು ಸಾಲುತ್ತಿಲ್ಲ ಅನಿಸಿದಾಗ ಕೆಲವು ಕಥೆಗಳನ್ನು ಪದ್ಯ ಮಾಡಿದ, ಮೂಲ ಮರೆತ ಮೇಲೆ ಆ ಪದ್ಯವನ್ನು ಮತ್ತೆ ಗದ್ಯಕ್ಕೆ ತಂದ. ಕೆಲವು ಸಲ ಟಿಪ್ಪಣಿಗಳನ್ನೇ ಕಲಸಿಟ್ಟು, ವಾರಗಳಾದ ಮೇಲೆ ಅವನ್ನು ಸರಿಯಾದ ಕ್ರಮಕ್ಕೆ ಜೋಡಿಸಲು ನೋಡಿದ. ಆಲೋಚನೆಗಳನ್ನು ಕ್ರಮವಾಗಿ ಇಡುವುದನ್ನು ಹೀಗೆ ಕಲಿತ.

ಮಾದರಿ ನೋಡಿ ಅನುಕರಿಸುವುದಕ್ಕೆ ಆ ವರದಿಯಲ್ಲಿ ಬರೀ 0.25 ಇತ್ತಲ್ಲ ಅಂತ ನೀವು ಕೇಳಬಹುದು. ಫ್ರಾಂಕ್ಲಿನ್ ಮಾಡಿದ್ದು ಬರೀ ನೋಡುವುದಾಗಿರಲಿಲ್ಲ. ಸಂಕ್ಷೇಪ ಮಾಡಿದ, ನೆನಪಿನಿಂದ ಕಟ್ಟಿದ, ಹೋಲಿಸಿ ತಿದ್ದಿದ. ಇಲ್ಲಿ ಮೂಲ ಲೇಖನವೇ ನಿಮ್ಮ ಮೇಷ್ಟ್ರು, ನಿಮ್ಮ ಪುಟದಲ್ಲಿ ಏನಿಲ್ಲ ಅಂತ ಅದು ತೋರಿಸುತ್ತದೆ. ಒಂದು ಪುಟದಷ್ಟು ಬರಹ ಆರಿಸಿಕೊಳ್ಳಿ, ಜಾಸ್ತಿ ಬೇಡ. ನೀವು ಬರೆಯಬೇಕು ಅಂದುಕೊಂಡ ಪ್ರಕಾರದ್ದೇ ಇರಲಿ, ವರದಿ ಬರೆಯುವವರು ಕವಿತೆ ಹಿಡಿದು ಕೂರುವುದು ಬೇಡ. ಈ ದಾರಿಯ ಕೊರತೆಯೂ ಗೊತ್ತಿರಲಿ: ಇನ್ನೊಬ್ಬರ ಆಲೋಚನೆಗೆ ಮಾತು ಕೊಡುವುದು ಕಲಿಯುತ್ತೀರಿ, ನಿಮ್ಮ ಆಲೋಚನೆ ಓದುಗನಿಗೆ ತಲುಪಿತಾ ಅನ್ನುವುದು ಹೀಗೆ ಗೊತ್ತಾಗುವುದಿಲ್ಲ.

ದಿನಾ ಸುಮ್ನೆ ಬರೆಯುವುದು

ಶುರುವೇ ಆಗದವರಿಗೆ ಮೊದಲ ಮದ್ದು ಇದು. ಪೀಟರ್ ಎಲ್ಬೋ ಎಂಬ ಮೇಷ್ಟ್ರು 1973ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯವಾದ ಕ್ರಮ ತೀರಾ ಸರಳ: ಹತ್ತು ನಿಮಿಷ ನಿಲ್ಲಿಸದೆ ಬರೆಯಿರಿ. ತಿದ್ದಬೇಡಿ, ಹಿಂದೆ ತಿರುಗಿ ನೋಡಬೇಡಿ. ಏನೂ ಹೊಳೆಯದಿದ್ದರೆ ಏನೂ ಹೊಳೆಯುತ್ತಿಲ್ಲ ಅಂತಲೇ ಬರೆಯಿರಿ. ಬರೆಯುವ ಮನಸ್ಸೂ ತಿದ್ದುವ ಮನಸ್ಸೂ ಒಟ್ಟಿಗೆ ಕೂತರೆ ಎರಡೂ ಜಗಳವಾಡುತ್ತವೆ, ಇಲ್ಲಿ ತಿದ್ದುವ ಮನಸ್ಸಿಗೆ ಸ್ವಲ್ಪ ಹೊತ್ತು ರಜೆ.

ಡೈರಿ ಬರೆಯುವುದರ ಲಾಭ ಬೇರೆ ಥರದ್ದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಸಾಂಡ್ರಾ ಬೀಲ್ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ನೋವಿನ ಅನುಭವಗಳ ಬಗ್ಗೆ ಬರೆದರು. ಅಲ್ಲಿ ಅಳೆದದ್ದು ಆರೋಗ್ಯವನ್ನು, ಬರವಣಿಗೆಯ ಗುಣವನ್ನಲ್ಲ. ಡೈರಿ ಮನಸ್ಸಿಗೆ ಒಳ್ಳೆಯದು, ಕೈಯನ್ನೂ ಸಡಿಲ ಮಾಡುತ್ತದೆ. ಆದರೆ ಅಲ್ಲಿ ಓದುಗ ಇಲ್ಲ. ವರ್ಷಗಟ್ಟಲೆ ಡೈರಿ ಬರೆದೂ ಲೇಖನ ಬರೆಯಲು ಕೂತಾಗ ತಡವರಿಸುವವರು ಇರುವುದು ಇದಕ್ಕೇ. ಒಂದೆರಡು ತಿಂಗಳು ಹೀಗೆ ಬರೆದು ಕೈ ಓಡತೊಡಗಿದ ಮೇಲೆ, ಬರೆದದ್ದರಲ್ಲಿ ಜೀವ ಇರುವ ಒಂದು ಪ್ಯಾರಾ ಆರಿಸಿ, ಅದನ್ನು ಬೇರೆಯವರು ಓದುವ ಹಾಗೆ ಮಾಡಲು ನೋಡಿ.

ಬರವಣಿಗೆ ಗುಂಪು

ಖರ್ಚಿಗೂ ಲಾಭಕ್ಕೂ ತಾಳೆ ಹಾಕಿ ನೋಡಿದರೆ ನನ್ನ ಮತ ಇದಕ್ಕೆ. ದುಡ್ಡು ಬೇಡ. ಮುಂದಿನ ಸಭೆಗೆ ಕೊಡಬೇಕು ಅನ್ನುವ ಗಡುವು ಇರುವುದರಿಂದ ಮುಗಿಸದವರೂ ಮುಗಿಸುತ್ತಾರೆ. ಓದುವ ಕಣ್ಣು ಒಂದಲ್ಲ, ನಾಲ್ಕೈದು.

ಆದರೆ ಗುಂಪುಗಳು ಕೆಡುವುದೂ ಅಷ್ಟೇ ಸುಲಭ. ಒಂದು ಬಗೆಯಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ, ಖುಷಿಯಾಗಿ ಮನೆಗೆ ಹೋಗುತ್ತಾರೆ, ಯಾರ ಬರಹವೂ ಬದಲಾಗುವುದಿಲ್ಲ. ಇನ್ನೊಂದರಲ್ಲಿ ಒಬ್ಬರೇ ಜೋರು, ಎಲ್ಲರ ಬರಹವನ್ನೂ ತಮ್ಮ ಥರ ಮಾಡಲು ಹೊರಡುತ್ತಾರೆ. ಎರಡಕ್ಕೂ ಎಲ್ಬೋ ಹೇಳಿದ ಒಂದು ಕ್ರಮ ಚೆನ್ನಾಗಿ ಒಪ್ಪುತ್ತದೆ: ಸಲಹೆ ಕೊಡಬೇಡಿ, ಓದುವಾಗ ನಿಮ್ಮ ತಲೆಯಲ್ಲಿ ಏನಾಯಿತು ಅಂತ ಮಾತ್ರ ಹೇಳಿ. "ಇಲ್ಲಿ ನನಗೆ ಬೇಜಾರಾಯಿತು", "ಈ 'ಅವನು' ಯಾರು ಅಂತ ಹಿಂದೆ ಹೋಗಿ ನೋಡಿದೆ", "ಈ ಸಾಲು ಬಂದಾಗ ಎದ್ದು ಕೂತೆ". ಬರೆದವರು ವಾದ ಮಾಡಬಾರದು, ಕೇಳಿಸಿಕೊಂಡು ಬರೆದುಕೊಳ್ಳಬೇಕು ಅಷ್ಟೇ. ಈ ಮಾತು ಹೇಳಲು ಯಾರೂ ಪಂಡಿತರಾಗಬೇಕಾಗಿಲ್ಲ. ತಮಗೆ ಬೇಜಾರಾಯಿತಾ ಇಲ್ಲವಾ ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ.

ನಾಲ್ಕು ಅಥವಾ ಐದು ಜನ ಸಾಕು. ಹದಿನೈದು ದಿನಕ್ಕೊಮ್ಮೆ ಸೇರಿ, ವಾಟ್ಸಾಪಿನಲ್ಲಾದರೂ ಸರಿ. ಒಂದು ಸಭೆಗೆ ಇಬ್ಬರ ಬರಹ. ಬಹಳಷ್ಟು ಗುಂಪುಗಳು ಮರೆಯುವ ಒಂದು ನಿಯಮ ಸೇರಿಸಿಕೊಳ್ಳಿ: ಹೋದ ಸಲ ಚರ್ಚೆಯಾದ ಬರಹದ ತಿದ್ದಿದ ಪ್ರತಿ ಮುಂದಿನ ಸಲ ಬರಲೇಬೇಕು. ಈ ನಿಯಮ ಇಲ್ಲದಿದ್ದರೆ ಪ್ರತಿ ಸಲ ಹೊಸ ಬರಹ ಬರುತ್ತದೆ, ಹಳೆಯದು ತಿದ್ದದೇ ಉಳಿಯುತ್ತದೆ.

ಕಮ್ಮಟ, ಕೋರ್ಸು, ಪದವಿ

ಎರಡು ಮೂರು ದಿನದ ಕಮ್ಮಟದಿಂದ ಹುರುಪು ಬರುತ್ತದೆ, ಜೊತೆಗಾರರು ಸಿಗುತ್ತಾರೆ. ಅಷ್ಟು ಚಿಕ್ಕ ಅವಧಿಯಲ್ಲಿ ಬರೆದು, ಕೇಳಿ, ತಿದ್ದಿ ಮತ್ತೆ ಬರೆಯಲು ಸಮಯ ಇರುವುದಿಲ್ಲ. ಹೋಗುವುದಾದರೆ ಗುಂಪು ಕಟ್ಟಲು ನಾಲ್ಕು ಜನರನ್ನು ಹುಡುಕುವ ಉದ್ದೇಶ ಇಟ್ಟುಕೊಂಡು ಹೋಗಿ, ಆಗ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೋರ್ಸು ಸೇರುವ ಮುಂಚೆ ಕೇಳಬೇಕಾದ್ದು ಯಾರು ಕಲಿಸುತ್ತಾರೆ ಅಂತ ಮಾತ್ರ ಅಲ್ಲ. ನನ್ನ ಬರಹವನ್ನು ಯಾರು ಓದುತ್ತಾರೆ, ಎಷ್ಟು ಸಲ, ತಿದ್ದಿದ್ದನ್ನು ಮತ್ತೆ ಓದುತ್ತಾರಾ ಅಂತ ಕೇಳಿ. ಹೆಸರಾಂತ ಲೇಖಕರ ವಿಡಿಯೋ ಪಾಠ ನೋಡಲು ಚೆಂದ, ಆದರೆ ನಿಮ್ಮ ಪುಟವನ್ನು ಅವರು ನೋಡುವುದಿಲ್ಲ. ಅದು ಪುಸ್ತಕ ಓದಿದ ಹಾಗೇ, ಖರ್ಚು ಮಾತ್ರ ಜಾಸ್ತಿ. ಹೆಸರಿಲ್ಲದ ಮೇಷ್ಟ್ರು ಹದಿನೈದು ಜನರ ತರಗತಿಯಲ್ಲಿ ಪ್ರತಿ ವಾರ ನಿಮ್ಮ ಪುಟಕ್ಕೆ ಗುರುತು ಹಾಕಿ ಕೊಡುತ್ತಾರೆ ಅಂದರೆ ಕಣ್ಣು ಮುಚ್ಚಿ ಅಲ್ಲಿಗೆ ಸೇರಿ.

ಪದವಿಯ ಮಟ್ಟದಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪ್, 1936ರಲ್ಲಿ ಶುರುವಾದದ್ದು. ಬರವಣಿಗೆಯನ್ನು ಕಲಿಸಲಾಗದು, ಬರೆಯುವವರನ್ನು ಪ್ರೋತ್ಸಾಹಿಸಬಹುದು ಅನ್ನುವ ಅರ್ಥದ ಮಾತನ್ನು ಆ ಸಂಸ್ಥೆಯೇ ಹೇಳಿಕೊಳ್ಳುತ್ತದೆ. ಅಲ್ಲಿಯ ತರಗತಿಯ ತಿರುಳು ಕೂಡ ಗುಂಪೇ: ಒಬ್ಬರ ಹಸ್ತಪ್ರತಿಯನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದು ಚರ್ಚೆ ಮಾಡುತ್ತಾರೆ. ಪದವಿಯಿಂದ ಮುಖ್ಯವಾಗಿ ಸಿಗುವುದು ಎರಡು ವರ್ಷ ಬೇರೆ ಕೆಲಸವಿಲ್ಲದೆ ಬರೆಯುವ ಬಿಡುವು, ಗಂಭೀರವಾಗಿ ಓದುವ ಸಹಪಾಠಿಗಳು, ಮುಂದೆ ಪಾಠ ಮಾಡಬೇಕು ಅನ್ನುವವರಿಗೆ ಒಂದು ಅರ್ಹತೆ. ಸಾಲ ಮಾಡಿ ಸೇರುವುದಾದರೆ ನಾನು ಬೇಡ ಅನ್ನುತ್ತೇನೆ.

ಎಡಿಟರ್ ಹತ್ತಿರ ತಿದ್ದಿಸುವುದು

ಇದು ದುಬಾರಿ ದಾರಿ, ಸರಿಯಾದ ಹೊತ್ತಿಗೆ ಹೋದರೆ ಬೇಗ ಕಲಿಸುವ ದಾರಿಯೂ ಹೌದು. ಬರೆದು ಮುಗಿಸಬಲ್ಲವರಿಗೆ, ಆದರೆ ಬರಹ ಯಾಕೆ ತಲುಪುತ್ತಿಲ್ಲ ಅಂತ ಗೊತ್ತಾಗದವರಿಗೆ ಹೇಳಿ ಮಾಡಿಸಿದ್ದು. ಇಡೀ ಪುಸ್ತಕವನ್ನು ಒಮ್ಮೆಲೇ ಕೊಡಬೇಡಿ. ಹತ್ತು ಪುಟ ಕೊಡಿ. ತಿದ್ದಿಕೊಡಿ ಅನ್ನಬೇಡಿ, ಎಲ್ಲಿ ತಪ್ಪಿದೆ, ಯಾಕೆ ತಪ್ಪು ಅಂತ ಪಕ್ಕದಲ್ಲಿ ಬರೆದುಕೊಡಿ ಅನ್ನಿ. ನಿಮ್ಮ ಚಟಗಳು ಆ ಹತ್ತು ಪುಟದಲ್ಲೇ ಕಾಣುತ್ತವೆ, ಮುಂದಿನ ಪುಟಗಳಲ್ಲಿ ಬರುವುದೂ ಬಹುಪಾಲು ಅವೇ. ಉಳಿದದ್ದನ್ನು ನೀವೇ ತಿದ್ದಬಹುದು, ಖರ್ಚೂ ಕೈಮೀರುವುದಿಲ್ಲ.

ಎಐ ಸಹಾಯ

ಎಐ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಡುರಾತ್ರಿ ಕೇಳಿದರೂ ಓದುತ್ತದೆ, ಬೇಸರ ಪಡುವುದಿಲ್ಲ. ಕಾಗುಣಿತಕ್ಕೆ, ಒಂದೇ ಪದ ಮತ್ತೆ ಮತ್ತೆ ಬಂದಿದೆಯಾ ಅಂತ ನೋಡಲು ಅನುಕೂಲ. ಆದರೆ "ಇದನ್ನು ಚೆನ್ನಾಗಿ ಬರೆದುಕೊಡು" ಅಂದ ಕ್ಷಣ ಕಲಿಕೆ ನಿಂತಿತು. ತಿದ್ದುವಾಗ ತಲೆ ಕೆರೆದುಕೊಳ್ಳುವ ಆ ಹೊತ್ತಿನಲ್ಲೇ ಕೈ ಪಳಗುವುದು, ಅದನ್ನೇ ಬಿಟ್ಟುಕೊಟ್ಟರೆ ಉಳಿಯುವುದು ನುಣುಪಾದ ಪುಟ ಮಾತ್ರ. ಆ ನುಣುಪು ಎಲ್ಲರದ್ದೂ ಒಂದೇ ಥರ ಇರುತ್ತದೆ. ಮಳೆಯ ಉದಾಹರಣೆಯಲ್ಲಿ ಅಜ್ಜಿ ಅದಕ್ಕೆ ಗೊತ್ತಿಲ್ಲ. ಕೇಳಿದರೆ ಬೇರೊಬ್ಬ ಅಜ್ಜಿಯನ್ನು ಕಟ್ಟಿ ಕೊಟ್ಟೀತು, ಆದರೆ ನೀವು ಕಂಡ ಅಜ್ಜಿ ನಿಮ್ಮ ನೆನಪಿನಲ್ಲೇ ಉಳಿದುಬಿಡುತ್ತಾರೆ.

ಬಳಸುವುದಾದರೆ ಹೀಗೆ ಕೇಳಿ: "ಇದನ್ನು ತಿದ್ದಬೇಡ. ಓದುವವರಿಗೆ ಏಳಬಹುದಾದ ಐದು ಪ್ರಶ್ನೆ ಮಾತ್ರ ಕೇಳು." ಉತ್ತರ ನಿಮ್ಮ ಕೈಯಲ್ಲೇ ಇರಲಿ. ಅದು ಹೊಗಳಿದರೆ ಲೆಕ್ಕಕ್ಕಿಡಬೇಡಿ.

ಹಾಗಾದರೆ ಯಾರಿಗೆ ಏನು

ಶುರುವೇ ಆಗುತ್ತಿಲ್ಲ ಅನ್ನುವವರು ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ದಿನಾ ಹತ್ತು ನಿಮಿಷದಿಂದ ಹೊರಡಿ, ವಾರಕ್ಕೊಮ್ಮೆ ಫ್ರಾಂಕ್ಲಿನ್ ಕ್ರಮ ಸೇರಿಸಿ. ಮುಗಿಸಲಾಗದವರಿಗೆ ಗಡುವು ಬೇಕು, ಅಂದರೆ ಗುಂಪು. ಗುಂಪು ಸಿಗದಿದ್ದರೆ ಪ್ರತಿ ವಾರ ಬರೆಸಿ ಓದುವ ಕೋರ್ಸು. ಮುಗಿಸಿಯೂ ತಲುಪದವರು ಮೊದಲು ಗುಂಪಿನಲ್ಲಿ ಆರು ತಿಂಗಳು ಇದ್ದು, ಆಮೇಲೂ ಗಂಟು ಬಿಚ್ಚದಿದ್ದರೆ ಎಡಿಟರ್‌ಗೆ ಹತ್ತು ಪುಟ ಕೊಡಿ.

ಕೆಲಸದ ಬರವಣಿಗೆ, ಅಂದರೆ ಇಮೇಲ್, ವರದಿ, ಪ್ರಸ್ತಾವನೆ ಸುಧಾರಿಸಬೇಕು ಅನ್ನುವವರಿಗೆ ಕಥೆಗಾರರ ಕಮ್ಮಟದಿಂದ ಹೆಚ್ಚು ಲಾಭವಿಲ್ಲ. ಸಂಕ್ಷೇಪ ಅಭ್ಯಾಸ ಮಾಡಿ. ದೊಡ್ಡ ವರದಿಯನ್ನು ಅರ್ಧ ಪುಟಕ್ಕೆ, ಅರ್ಧ ಪುಟವನ್ನು ಮೂರು ಸಾಲಿಗೆ ಇಳಿಸಿ, ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಕೊಟ್ಟು ಏನು ಅರ್ಥವಾಯಿತು ಅಂತ ಕೇಳಿ.

ಸಮಯವೇ ಇಲ್ಲದವರು ಒಬ್ಬರೇ ಒಬ್ಬ ಜೊತೆಗಾರರನ್ನು ಹಿಡಿಯಿರಿ, ತಿಂಗಳಿಗೆ ಒಂದು ಬರಹ ಬದಲಾಯಿಸಿಕೊಳ್ಳಿ. ಮನೆಯವರು ಬೇಡ, ಅವರಿಗೆ ಬೇಜಾರಾಯಿತು ಅನ್ನಲು ಕಷ್ಟ.

ಯಾವುದನ್ನೇ ಆರಿಸಿ, ಇವತ್ತಿನ ಒಂದು ಬರಹವನ್ನು ಮುಟ್ಟದೆ ಪಕ್ಕಕ್ಕಿಡಿ. ಮೂರು ತಿಂಗಳಾದ ಮೇಲೆ ತೆಗೆದು ಓದಿ. ಯಾರೂ ಹೇಳದೆಯೇ ಎಲ್ಲಿ ತಿದ್ದಬೇಕು ಅಂತ ನಿಮ್ಮ ಕಣ್ಣಿಗೇ ಬಿದ್ದರೆ ಆ ದಾರಿ ಕೆಲಸ ಮಾಡುತ್ತಿದೆ, ಮುಂದುವರಿಸಿ. ಏನೂ ಕಾಣದಿದ್ದರೆ ಮೊದಲು ಓದಿ ಹೇಳುವವರನ್ನು ಬದಲಾಯಿಸಿ ನೋಡಿ, ದಾರಿಯನ್ನು ಆಮೇಲೆ.